ಇಳಿಯುವಾಗಿನ ಭಾರ

ವಿಮಾನ ನಿಲ್ದಾಣ

ಬಹ್ರೇನ್‌ನಲ್ಲಿ ಕಾಲಿಟ್ಟು ನಾನು ಮಾಡಿದ ಮೊದಲ ಕೆಲಸವೆಂದರೆ ಅಲ್ಲಿನ ಒಬ್ಬ ಕಸ್ಟಮ್ಸ್ ಅಧಿಕಾರಿಗೆ ಸೀನು ಬರಿಸಿದ್ದು. ನನ್ನ ಹೆಂಡತಿ ಪೆಟ್ಟಿಗೆಯ ತಳದಲ್ಲಿ ಬಫಾತ್ ಪುಡಿಯ ಪೊಟ್ಟಣ ಇಟ್ಟಿದ್ದಳು. ಕರಾವಳಿಯ ನಮ್ಮ ಕ್ರೈಸ್ತರ ಮನೆಗಳಲ್ಲಿ ಮಾಂಸ ಬೇಯಬೇಕಾದರೆ ಈ ಕೆಂಪು ಮಸಾಲೆ ಪುಡಿ ಬೇಕೇ ಬೇಕು. ದಾರಿಯಲ್ಲಿ ಪೊಟ್ಟಣ ಒಡೆದು, ಪೂಜೆಗೆಂದು ತಂದಿದ್ದ ಬಿಳಿ ಅಂಗಿಯ ಮೇಲೆಲ್ಲ ಹರಡಿತ್ತು. ಅಧಿಕಾರಿ ಪೆಟ್ಟಿಗೆ ತೆರೆಸಿ ಬಗ್ಗಿದ, ಸೀನಿದ, ಕಣ್ಣೊರೆಸಿಕೊಂಡು ಹಿಂದಿಯಲ್ಲಿ ಕೇಳಿದ: "ಯೇ ಕ್ಯಾ ಹೈ, ಚಾಚಾ?"

"ಮಸಾಲಾ. ಬೇಟಿ ಕೆ ಘರ್ ಕೆ ಲಿಯೇ," ಎಂದೆ. ಮಗಳ ಮನೆಗೆ ಎಂದು ಅಭ್ಯಾಸದಿಂದ ಬಾಯಿಗೆ ಬಂದ ಮಾತು.

"ಬೇಟಿ ಬಹುತ್ ಖುಷ್ ಹೋಗೀ," ಮಗಳಿಗೆ ತುಂಬ ಖುಷಿಯಾದೀತು ಎಂದು ನಕ್ಕು ಪೆಟ್ಟಿಗೆ ಮುಚ್ಚಲು ತಾನೇ ಕೈಕೊಟ್ಟ.

ನನ್ನ ಮಗಳು ಶರಲ್ ತೀರಿಕೊಂಡು ಒಂದು ವರ್ಷವಾಗಿತ್ತು. ಬಹ್ರೇನ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಕಾಯಿಲೆ ಬಂದದ್ದೂ ಹೋದದ್ದೂ ಅಲ್ಲೇ, ತಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ. ಮಣ್ಣು ಮಾಡಿದ್ದು ನಮ್ಮೂರಿನ ಇಗರ್ಜಿಯ, ಅಂದರೆ ಚರ್ಚಿನ, ಹಿತ್ತಿಲಲ್ಲಿ. ವರ್ಷದ ಪೂಜೆಯನ್ನು ಅಲ್ಲಿಯ ಗೆಳೆಯರೆಲ್ಲ ಸೇರಿ ಮಾಡಿಸುತ್ತೇವೆ, ಒಬ್ಬರಾದರೂ ಬನ್ನಿ ಎಂದು ಅಳಿಯ ರೋಶನ್ ಕರೆದಿದ್ದ. ಆ ಮನೆಯ ಬಾಗಿಲು ದಾಟಲು ತನ್ನಿಂದ ಆಗದು ಎಂದಳು ಹೆಂಡತಿ. ಹಾಗಾಗಿ ನಾನು ಹೋದೆ. ಚಾರ್ಮಾಡಿ ಘಾಟಿಯಲ್ಲಿ ಖಾಸಗಿ ಬಸ್ಸು ಓಡಿಸಿ ನಿವೃತ್ತನಾದವನು ನಾನು. ಅದಕ್ಕಿಂತ ದೂರದ ಪ್ರಯಾಣ ನನ್ನ ಬಾಳಿನಲ್ಲಿ ಇದೊಂದೇ.

ರೋಶನ್ ಹೊರಗೆ ಕಾಯುತ್ತಿದ್ದ. ಸೊರಗಿದ್ದ, ಆದರೆ ಕಾಲಿನ ಮೀನಖಂಡಗಳು ಗಟ್ಟಿಯಾಗಿದ್ದವು. ಕಾರು ಹತ್ತಿದ ಮೇಲೆ ಊರಿನ ಸುದ್ದಿ ಕೇಳಲಿಲ್ಲ. ಬೆಟ್ಟದ ಸುದ್ದಿ ತೆಗೆದ. ಎಲ್ಲಿ ಹಿಮ ಯಾವಾಗ ಬೀಳುತ್ತದೆ, ಯಾವ ಹೊಳೆಯನ್ನು ಎಲ್ಲಿ ದಾಟಬಹುದು, ಅಷ್ಟು ಎತ್ತರದಲ್ಲಿ ಮರ ಬೆಳೆಯುತ್ತದೆಯೋ ಇಲ್ಲವೋ. ಕಿಟಕಿಯ ಹೊರಗೆ ನೆಲ ಓಡಿನ ಮೇಲಿನ ರೊಟ್ಟಿಯಂತೆ ಚಪ್ಪಟೆಯಾಗಿ ಬಿಸಿಲಿಗೆ ಬೇಯುತ್ತಿತ್ತು.

ಮಾಹೂಝ್

ಶರಲ್ ಮತ್ತು ರೋಶನ್ ಇದ್ದದ್ದು ಮಾಹೂಝ್‌ನ ಒಂದು ಫ್ಲಾಟಿನಲ್ಲಿ. ಮೆಟ್ಟಿಲಿನಲ್ಲಿ ಒಂದು ಮಹಡಿಗೆ ಮಲಯಾಳದ ಮೀನು ಹುರಿಯುವ ವಾಸನೆ, ಇನ್ನೊಂದಕ್ಕೆ ಫಿಲಿಪಿನೊ ಹಾಡು. ಇವರ ಬಾಗಿಲಲ್ಲಿ ಶರಲ್ ಅಂಟಿಸಿದ್ದ ಶಿಲುಬೆಯ ಚಿತ್ರ ಹಾಗೇ ಇತ್ತು. ಒಳಗೆ ಮಾತ್ರ ಮನೆ ಮನೆಯಾಗಿರಲಿಲ್ಲ. ಸೋಫಾ ಗೋಡೆಗೆ ತಳ್ಳಿ, ನೆಲದ ತುಂಬ ಒಂದು ನಕ್ಷೆ ಹರಡಿತ್ತು. ಅದರ ಸುತ್ತ ಬೂಟು, ಹಗ್ಗ, ಗುಡಾರ, ಮಲಗುವ ಚೀಲ, ದುರ್ಬೀನು. ಊಟ ನಾವು ಅಡುಗೆಮನೆಯಲ್ಲಿ ನಿಂತೇ ಮಾಡಬೇಕಿತ್ತು.

"ಮಾಂವ್, ನಕ್ಷೆ ತುಳೀಬೇಡಿ," ಎಂದ. ಮಾವನನ್ನು ನಮ್ಮಲ್ಲಿ ಕರೆಯುವುದು ಹಾಗೆ.

ಅದು ಕೆನಡಾದ ಬೆಟ್ಟಗಳ ನಕ್ಷೆ. ಅವನ ಅಣ್ಣ ಮೆಲ್ವಿನ್ ಅಲ್ಲಿಯ ಪ್ರಜೆಯಾಗಿ ತುಂಬ ಕಾಲವಾಯಿತು, ಉತ್ತರದ ಒಂದು ಚಿಕ್ಕ ಊರಿನಲ್ಲಿದ್ದಾನೆ. ಶರದೃತುವಿನಲ್ಲಿ ಅಲ್ಲಿ ಮೂಸ್ ಬೇಟೆಗೆ ಪರವಾನಗಿ ಕೊಡುತ್ತಾರಂತೆ. ಮೂಸ್ ಎಂದರೆ ನಮ್ಮ ಕಡವೆಯ ಜಾತಿ. ಆದರೆ ಎತ್ತರ ಎತ್ತಿನದ್ದಲ್ಲ, ಎತ್ತಿನ ಮೇಲೆ ಮನುಷ್ಯ ಕುಳಿತಷ್ಟು. ಮೂರು ವರ್ಷದ ಹಿಂದೆ ಮೆಲ್ವಿನ್ ಒಂದು ಫೋಟೋ ಕಳಿಸಿದ್ದ, ಸರೋವರದ ನೀರಿನಲ್ಲಿ ಹೊಟ್ಟೆಯವರೆಗೆ ಮುಳುಗಿ ನಿಂತ ಮೂಸ್. ಅದನ್ನು ಶರಲ್ ನನಗೂ ಕಳಿಸಿ, "ಡ್ಯಾಡಿ, ಕಂಬಳದ ಕೋಣಕ್ಕೆ ಯಾರೋ ಎರಡು ಮೊರ ಕಟ್ಟಿದ ಹಾಗೆ ಉಂಟಲ್ಲ?" ಎಂದು ನಕ್ಕಿದ್ದಳು. ಒಂದು ವರ್ಷ ಇಬ್ಬರೂ ಅಲ್ಲಿಗೆ ಹೋಗುವುದು, ಅಣ್ಣತಮ್ಮ ಬೇಟೆಯಾಡುವುದು, ತಾನು ಅದನ್ನು ಬಫಾತ್ ಮಾಡುವುದು ಎಂದು ಅವಳೇ ತೀರ್ಮಾನಿಸಿದ್ದಳು. ಇಬ್ಬರ ಪಾಸ್‌ಪೋರ್ಟಿಗೂ ವೀಸಾ ಬಿದ್ದಿತ್ತು. ಆಮೇಲೆ ಅವಳಿಗೆ ಕಾಯಿಲೆ ಬಂತು.

"ಈ ಸಲ ಹೋಗುದೇ," ಎಂದ ರೋಶನ್. "ಸೆಪ್ಟೆಂಬರಿಗೆ."

ನನಗೆ ನಿಜವಾಗಿ ಸಮಾಧಾನವೇ ಆಯಿತು. ಕೈಗೆ ಕೆಲಸವಿದ್ದರೆ ಮನುಷ್ಯ ಉಳಿಯುತ್ತಾನೆ. ನಾನೂ ನೆಲದಲ್ಲಿ ಕೂತು ನಕ್ಷೆ ನೋಡಿದೆ. ಗೆರೆಗಳು ಒತ್ತಾಗಿದ್ದಲ್ಲಿ ಕಡಿದು, ಬಿಡಿಯಾಗಿದ್ದಲ್ಲಿ ಬಯಲು ಎಂದು ಅವನು ಹೇಳಿಕೊಟ್ಟ. ನೀರಿನ ಮೇಲೆ ಇಳಿಯುವ ಚಿಕ್ಕ ವಿಮಾನವೊಂದು ಸರೋವರದಲ್ಲಿ ಬಿಟ್ಟು ಹೋಗುತ್ತದೆ. ಅಲ್ಲಿಂದ ಹೊಳೆಯ ಬದಿಯಲ್ಲಿ ನಡೆದು, ಕುರುಚಲು ದಾಟಿ, ಎರಡು ಶಿಖರಗಳ ನಡುವಿನ ಕಣಿವೆಬಾಯಿಗೆ ಏರಬೇಕು. ಅವನ ಬೆರಳು ಗೆರೆಗಳ ಮೇಲೆ ಏರುತ್ತ ಹೋಗಿ ಅಲ್ಲಿ ನಿಂತಿತು.

"ಅಲ್ಲಿಂದ?" ಎಂದೆ.

"ಅಲ್ಲಿಂದ ಎಲ್ಲ ಕಾಣ್ತದೆ."

"ಕಂಡ ಮೇಲೆ?"

"ಮೊದಲು ಹತ್ತಬೇಕಲ್ಲ ಮಾಂವ್." ಅವನು ನಕ್ಷೆ ಮಡಚಿದ.

ಬೇಟೆ ತಡೆಯುವ ಕಾನೂನು ಬರುವುದಕ್ಕಿಂತ ಮೊದಲು, ನಾನು ಚಿಕ್ಕವನಿದ್ದಾಗ, ನನ್ನ ಅಪ್ಪ ಹಂದಿ ಬೇಟೆಗೆ ಹೋಗುತ್ತಿದ್ದರು. ಘಟ್ಟದ ಬುಡದ ಊರು ನಮ್ಮದು. ಮನೆಯಿಂದ ಹೊರಡುವಾಗ ಅವರ ಮಾತೆಲ್ಲ ಹೊರುವುದರ ಬಗ್ಗೆಯೇ. ಯಾರ್‍ಯಾರು ಬರುತ್ತಾರೆ, ಬಿದಿರಿನ ಗಳು ಯಾರದ್ದು, ಕತ್ತಲಾದರೆ ಯಾವ ದಾರಿ. ಹೊಡೆಯುವುದು ಎಲೆಯಡಿಕೆ ಜಗಿಯುವಷ್ಟು ಹೊತ್ತಿನ ಕೆಲಸ, ಉಳಿದದ್ದೆಲ್ಲ ಹೊರುವುದು ಎನ್ನುತ್ತಿದ್ದರು. ಹಂದಿಗೇ ಹಾಗಾದರೆ ಈ ಮೊರದ ಕೊಂಬಿನ ಕೋಣವನ್ನು ಹೊರುವವರು ಯಾರು? ನೆಲದ ಮೇಲಿನ ಸಾಮಾನಿನಲ್ಲಿ ಒಂದು ಮಾಂಸದ ಚೀಲ ಕಾಣಲಿಲ್ಲ. ಕತ್ತಿ ಕಾಣಲಿಲ್ಲ. ಉಪ್ಪು ಕಾಣಲಿಲ್ಲ. ಅಣ್ಣನ ಹತ್ತಿರ ಇರಬಹುದು ಎಂದುಕೊಂಡೆ.

ಒಡೆದ ಪೊಟ್ಟಣದಲ್ಲಿ ಉಳಿದಿದ್ದ ಬಫಾತ್ ಪುಡಿಯನ್ನು ಡಬ್ಬಿಗೆ ತುಂಬಿ ಅವನ ಸಾಮಾನಿನ ಪಕ್ಕ ಇಟ್ಟೆ. "ಅಲ್ಲಿಗೆ ಆದೀತು. ಅವಳು ಹೇಳಿದ್ದಳಲ್ಲ."

ಅವನು ಅದನ್ನು ಎತ್ತಿ ಅಡುಗೆಮನೆಯ ಕಪಾಟಿನೊಳಗೆ ಇಟ್ಟು ಬಂದ. "ಬೇಡ ಮಾಂವ್. ಭಾರ ಆಗ್ತದೆ."

ಸೀಫ್

ಬಹ್ರೇನ್‌ನಲ್ಲಿ ಬೆಟ್ಟಕ್ಕೆ ಅಭ್ಯಾಸ ಮಾಡುವುದು ಎಲ್ಲಿ? ನಡು ದ್ವೀಪದಲ್ಲಿ ಒಂದು ಗುಡ್ಡವಿದೆ. ಅದನ್ನು ಅಲ್ಲಿನವರು ಬೆಟ್ಟವೆಂದು ಕರೆಯುತ್ತಾರೆ. ನಮ್ಮಲ್ಲಾದರೆ ಅದರ ಮೇಲೊಂದು ಶಾಲೆ ಕಟ್ಟಿ ಮಕ್ಕಳನ್ನು ದಿನಾ ನಡೆಸುತ್ತಿದ್ದೆವು. ರೋಶನ್ ಕಂಡುಕೊಂಡ ಬೆಟ್ಟ ಬೇರೆ. ಅವನು ಲೆಕ್ಕಪತ್ರ ನೋಡುವ ಕಂಪನಿ ಸೀಫ್‌ನಲ್ಲಿದೆ. ಅಲ್ಲಿ ಮಾಲ್‌ಗಳೂ ಬ್ಯಾಂಕ್‌ಗಳೂ ಒತ್ತಾಗಿರುವ ರಸ್ತೆಯಲ್ಲಿ ಒಂದು ಬಹುಮಹಡಿಯ ಕಾರ್ ಪಾರ್ಕಿಂಗ್ ಕಟ್ಟಡ. ಕಾರು ಏರುವ ಇಳಿಜಾರು ಸುತ್ತಿ ಸುತ್ತಿ ಮೇಲೆ ಹೋಗುತ್ತದೆ, ನಮ್ಮ ಘಾಟಿಯ ತಿರುವುಗಳನ್ನು ಯಾರೋ ಸಿಮೆಂಟಿನಲ್ಲಿ ಎರಕ ಹೊಯ್ದು ಒಂದರ ಮೇಲೊಂದು ಇಟ್ಟ ಹಾಗೆ. ಆಫೀಸು ತೆರೆಯುವ ಮೊದಲು, ಬಿಸಿಲು ಏರುವ ಮೊದಲು, ಅವನು ಬೆನ್ನಿಗೆ ನೀರಿನ ನೀಲಿ ಕ್ಯಾನು ಕಟ್ಟಿಕೊಂಡು ಇದನ್ನು ಹತ್ತುತ್ತಿದ್ದ.

ಎರಡನೆಯ ದಿನ ನಾನೂ ಜೊತೆಗೆ ಹೋದೆ. ಕೆಳಗೆ ಕಾವಲುಗಾರನ ಗೂಡಿನಲ್ಲಿ ನನಗೊಂದು ಕುರ್ಚಿ ಸಿಕ್ಕಿತು. ಕಾವಲುಗಾರ ಇಕ್ಬಾಲ್, ಪೇಶಾವರದ ಕಡೆಯವನು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟ.

"ಆಪ್ ಕಾ ಬೇಟಾ?"

"ದಾಮಾದ್."

"ಅಚ್ಛಾ ಆದ್ಮಿ ಹೈ. ಥೋಡಾ ಪಾಗಲ್ ಹೈ," ಎಂದು ನಕ್ಕ. "ಈ ದೇಶದಲ್ಲಿ ಸಮುದ್ರ ಕುದಿಸಿ ನೀರು ಮಾಡ್ತಾರೆ ಚಾಚಾ. ನಿಮ್ಮ ಅಳಿಯ ದಿನಾ ಆ ನೀರನ್ನು ಛಾವಣಿಗೆ ಹೊತ್ತು ಹೋಗಿ ಚೆಲ್ಲಿ ಬರ್ತಾನೆ. ಸಿಮೆಂಟಿನಲ್ಲಿ ಏನು ಬೆಳೀತಾನೆ, ಗೋಧಿಯಾ?" ಅವನು ಹೇಳಿದ್ದು ಹಿಂದಿಯಲ್ಲಿ, ನನಗೆ ಅರ್ಥವಾದದ್ದು ಹೀಗೆ.

ಮೇಲಿನ ಅಂಚಿನಿಂದ ನೀರು ಒಂದು ಬಿಳಿ ದಾರದಂತೆ ಮಳೆಕೊಳವೆಯಿಂದ ಇಳಿಯಿತು. ಸ್ವಲ್ಪ ಹೊತ್ತಿಗೆ ರೋಶನ್ ಬಂದ, ಕ್ಯಾನು ಖಾಲಿ, ಹೆಜ್ಜೆ ಹಗುರ.

"ಇಳಿಯುವಾಗ ಯಾಕೆ ಖಾಲಿ?" ಎಂದು ಕಾರಿನಲ್ಲಿ ಕೇಳಿದೆ.

"ಮೊಣಕಾಲು ಹಾಳಾಗ್ತದೆ ಮಾಂವ್. ಟ್ರೇನಿಂಗ್ ಮಾಡುವವರೆಲ್ಲ ಹೀಗೇ ಮಾಡುದು. ಹತ್ತುವಾಗ ಲೋಡ್, ಇಳಿಯುವಾಗ ಖಾಲಿ."

ಇರಬಹುದು. ನಾನು ಓದಿದವನಲ್ಲ. ಆದರೆ ಬೇಟೆಯಲ್ಲಿ ಅದು ತಿರುಗುಮುರುಗು ಅಲ್ಲವೇ? ಹತ್ತುವಾಗ ಕೈಬೀಸಿಕೊಂಡು ಹೋಗುತ್ತೀರಿ, ಭಾರ ಇರುವುದು ಬರುವಾಗ. ಘಾಟಿಯಲ್ಲಿ ನನಗೆ ಬಸ್ಸು ಕಲಿಸಿದವರು ಹೇಳಿದ್ದೂ ಅದನ್ನೇ: ಹತ್ತಿಸುವುದು ಇಂಜಿನ್, ಇಳಿಸುವುದು ಡ್ರೈವರ್. ಇಳಿಯುವುದನ್ನು ಒಂದು ಸಲವೂ ಅಭ್ಯಾಸ ಮಾಡದ ಮನುಷ್ಯನ ಪಕ್ಕದಲ್ಲಿ ಕುಳಿತು ನಾನು ಮಾಹೂಝ್‌ಗೆ ಮರಳಿದೆ. ಮನಸ್ಸಿನಲ್ಲಿ ಒಂದು ಸಂಶಯ ಎದ್ದಿತ್ತು. ಅದಕ್ಕೆ ಹೆಸರಿಡಲು ಧೈರ್ಯವಾಗಲಿಲ್ಲ.

ಸನದ್

ರಫೀಕ್ ರೋಶನ್‌ನ ಗೆಳೆಯ. ಉಳ್ಳಾಲದ ಬ್ಯಾರಿ. ಸನದ್‌ನಲ್ಲಿ ಅವನದೊಂದು ಅಂಗಡಿ. ಚಳಿಗಾಲದಲ್ಲಿ ಬಹ್ರೇನ್‌ನವರು ಮನೆಮಂದಿಯೆಲ್ಲ ಮರಳುಗಾಡಿಗೆ ಹೋಗಿ ಗುಡಾರ ಹಾಕಿ ವಾರಗಟ್ಟಲೆ ಇರುತ್ತಾರೆ. ಅವರಿಗೆ ಬೇಕಾದ ಗುಡಾರ, ಇದ್ದಿಲು, ಕುರ್ಚಿ, ನೀರಿನ ಕ್ಯಾನು ಮಾರುತ್ತಾನೆ. ಆಗ ಬೇಸಗೆ, ಗಿರಾಕಿ ಇರಲಿಲ್ಲ. ಸಂಜೆ ರೋಶನ್ ಆಫೀಸಿನಲ್ಲಿದ್ದಾಗ ರಫೀಕ್ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದ.

"ಕೂತ್ಕೊಳ್ಳಿ ಅಂಕಲ್. ನಿಮ್ಮ ಅಳಿಯನಿಗೆ ಗುಡಾರ ಕೊಟ್ಟದ್ದು ನಾನೇ. ಆದ್ರೆ ಗೂಟ ನೋಡಿದ್ರಾ? ಮರಳಿಗೆ ಹೊಡೆಯುವ ಉದ್ದ ಗೂಟ. ಅಲ್ಲಿ ಕಲ್ಲು ಮಾರಾಯ್ರೆ! ಬೇರೆ ತರಿಸ್ತೇನೆ ಅಂದೆ. 'ಪರ್ವಾಗಿಲ್ಲ, ಇದೇ ಸಾಕು' ಅಂದ. ಗುಡಾರ ಹಾರಿಹೋದ್ರೆ ಎಂತ ಮಾಡ್ತಾನೆ? ಮೂಸಿನ ಕೊಂಬಿಗೆ ಕಟ್ತಾನಾ?"

"ನೀನೂ ಹೋಗಬಾರದಿತ್ತೇ?"

"ಕೇಳಿದೆ ಅಂಕಲ್. ನಿನಗೆ ವೀಸಾ ಸಿಗುದಿಲ್ಲ ಅಂದ. ಇರ್ಲಿ. ನನಗೊಂದು ಪೀಸ್ ಬೇಕು ಅಂತ ಹೇಳಿದ್ದೇನೆ. ಆದ್ರೆ ಬಿಸ್ಮಿಲ್ಲಾ ಹೇಳಿ ಹೊಡೀಬೇಕಲ್ಲ. ಕೋವಿ ಹಿಡಿಯುದು ಮೆಲ್ವಿನಣ್ಣ. ಹೊರದೇಶದವರು ಅಲ್ಲಿಯವರ ಜೊತೆ ಇಲ್ದೆ ಬೇಟೆ ಆಡುವ ಹಾಗೆ ಇಲ್ವಂತೆ, ಅದು ಕಾನೂನು. ಸರಿ, ಅಣ್ಣನ ಹತ್ರವೇ ಮಾತಾಡುವ. ನಾನು ಇಲ್ಲಿಂದ ಫೋನಲ್ಲಿ ಬಿಸ್ಮಿಲ್ಲಾ ಹೇಳ್ತೇನೆ, ಅವರು ಅಲ್ಲಿ ಒತ್ತಲಿ!"

ಅವನು ನಗುನಗುತ್ತಲೇ ವಿಡಿಯೋ ಕರೆ ಮಾಡಿದ. ಅಲ್ಲಿ ಆಗ ಬೆಳಗ್ಗೆ. ಮೆಲ್ವಿನ್ ಕಾಫಿ ಲೋಟ ಹಿಡಿದು ಪರದೆಗೆ ಬಂದ. ನನ್ನನ್ನು ಕಂಡು ಲೋಟ ಕೆಳಗಿಟ್ಟ, ಪೂಜೆಗೆ ಬರಲಾಗಲಿಲ್ಲ ಎಂದು ನೊಂದುಕೊಂಡ. ರಫೀಕ್ ತನ್ನ ಬಿಸ್ಮಿಲ್ಲಾದ ಅಹವಾಲು ಹೇಳಿದ.

ಮೆಲ್ವಿನ್ ನಗಲಿಲ್ಲ. "ಯಾವ ಬೇಟೆ?"

"ಮೂಸ್ ಅಣ್ಣ. ಸೆಪ್ಟೆಂಬರಿಗೆ. ರೋಶನ್ ಬರ್ತಾನಲ್ಲ?"

"ಅದು ಕ್ಯಾನ್ಸಲ್ ಅಲ್ವಾ? ಶರಲ್ ಹೋದ ಮೇಲೆ ಅವನೇ ಫೋನ್ ಮಾಡಿ ಹೇಳಿದ, ಇನ್ನು ಆ ವಿಷಯ ಎತ್ತಬೇಡ ಅಂತ. ನಾನು ಪರ್ಮಿಟಿಗೆ ಹಾಕಲೇ ಇಲ್ಲ." ಅವನ ಮುಖ ಪರದೆಯ ಹತ್ತಿರ ಬಂತು. "ಅಂಕಲ್, ಅವನು ಎಲ್ಲಿಗೆ ಹೋಗ್ತೇನೆ ಅಂತ ಹೇಳಿದ?"

ನಾನು ನಕ್ಷೆಯಲ್ಲಿ ಕಂಡ ಸರೋವರದ ಹೆಸರು ಹೇಳಿದೆ.

"ಅಲ್ಲಿ ಒಂದು ಮನೆ ಇಲ್ಲ ಅಂಕಲ್. ಫೋನ್ ಇಲ್ಲ. ನಾನೇ ಒಬ್ಬ ಹೋಗುದಿಲ್ಲ ಅಲ್ಲಿಗೆ."

ಕರೆ ಮುಗಿಯಿತು. ರಫೀಕ್ ಎದ್ದು ಹೋಗಿ ಬಾಗಿಲಿನ ಬೋರ್ಡನ್ನು ತಿರುಗಿಸಿ ಅಂಗಡಿ ಮುಚ್ಚಿದೆಯೆಂದು ಮಾಡಿದ. ಸೀಫ್‌ನಿಂದ ಮರಳುವಾಗಿನ ಸಂಶಯಕ್ಕೆ ಈಗ ಹೆಸರು ಸಿಕ್ಕಿತ್ತು. ಮಾಂಸದ ಚೀಲವಿಲ್ಲ, ಕತ್ತಿಯಿಲ್ಲ, ಉಪ್ಪಿಲ್ಲ, ಜೊತೆಗಾರನಿಲ್ಲ, ಕೋವಿಯೂ ಇಲ್ಲ. ನನ್ನ ಅಳಿಯ ಯೋಜಿಸುತ್ತಿದ್ದುದು ಬೇಟೆಯಲ್ಲ. ಹತ್ತಿ ಹೋಗಿ ಇಳಿಯದೆ ಇರುವುದು.

"ಈಗಲೇ ಹೋಗಿ ಕೇಳುವನಾ ಅಂಕಲ್?" ಎಂದ ರಫೀಕ್. ಅವನು ಆಗಲೇ ಕಾರಿನ ಕೀಲಿ ಎತ್ತಿಕೊಂಡಿದ್ದ.

"ನಾಳೆ ಪೂಜೆ. ಅದು ಮುಗಿಯಲಿ," ಎಂದೆ. "ಅಲ್ಲಿಯವರೆಗೆ ಅವನನ್ನು ಒಬ್ಬನನ್ನೇ ಬಿಡುವುದು ಬೇಡ."

ಇಗರ್ಜಿ

ಅರಬರ ನಾಡಿನಲ್ಲಿ ನಮ್ಮವರ ಭಾನುವಾರ ಬರುವುದು ಶುಕ್ರವಾರ. ರಜೆ ಅಂದೇ, ಪೂಜೆಯೂ ಅಂದೇ. ಇಗರ್ಜಿಯ ಅಂಗಳದಲ್ಲಿ ಕೊಂಕಣಿ, ಮಲಯಾಳ, ತಮಿಳು, ಇಂಗ್ಲಿಷ್ ಎಲ್ಲ ಒಂದೇ ನೆರಳಿನಲ್ಲಿ ಒತ್ತಿಕೊಂಡು ನಿಂತಿದ್ದವು. ನಮ್ಮೂರಿನಲ್ಲಿ ಪೂಜೆ ಮುಗಿದ ಮೇಲೆ ಜನ ಬಸ್ಸಿಗೆ ಓಡುತ್ತಾರೆ, ಇಲ್ಲಿ ಯಾರೂ ಹೋಗುವುದಿಲ್ಲ. ವಾರವಿಡೀ ಕೂಡಿಟ್ಟ ಮಾತನ್ನು ಆ ಅಂಗಳದಲ್ಲೇ ಖರ್ಚು ಮಾಡಬೇಕು.

ಕಲೆ ಪೂರ್ತಿ ಹೋಗದ ಅಂಗಿ ತೊಟ್ಟು ನಾನು ಮುಂದಿನ ಬೆಂಚಿನಲ್ಲಿ ಕುಳಿತೆ. ಪಾದ್ರಿಗಳು ಶರಲ್‌ಳ ಹೆಸರು ಓದಿದಾಗ ನನ್ನ ಕಣ್ಣು ರೋಶನ್‌ನ ಮೇಲಿತ್ತು. ಅವನು ಅಳಲಿಲ್ಲ. ಪೆಟ್ಟಿಗೆ ಕಟ್ಟಿ ಮುಗಿಸಿದವನ ಹಾಗೆ ಹಗುರಾಗಿದ್ದ. ಅದು ನನಗೆ ಅಳುವಿಗಿಂತ ಹೆಚ್ಚು ಹೆದರಿಕೆ ತಂದಿತು.

ಅಂಗಳದಲ್ಲಿ ಅವಳ ಜೊತೆಯ ನರ್ಸ್‌ಗಳು ಬಂದು ನನ್ನ ಕೈ ಹಿಡಿದರು. ಒಬ್ಬಳು, "ಅಂಕಲ್, ಇಂಜೆಕ್ಷನ್ ಕೊಡುವಾಗ ಪೇಷಂಟಿಗೆ ಕಥೆ ಹೇಳ್ತಿದ್ಳು. ಕಥೆ ಮುಗಿಯುವ ಮೊದ್ಲು ಸೂಜಿ ಹೊರಗೆ," ಎಂದು ಅಳುತ್ತ ನಕ್ಕಳು. ಗಾಯನ ಮಂಡಳಿಯವನೊಬ್ಬ ಬಂದ. "ರೋಶನ್ ಒಳ್ಳೆ ಮನುಷ್ಯ ಅಂಕಲ್. ತನ್ನ ಗಿಟಾರು ನಮಗೇ ಕೊಟ್ಟ. ಎಷ್ಟು ಕೇಳಿದ್ರೂ ವಾಪಸ್ ತಗೊಳ್ಲಿಲ್ಲ."

ಅವಳ ಸಾಮಾನು ಕೊಟ್ಟಿದ್ದರೆ ಅರ್ಥವಾಗುತ್ತಿತ್ತು. ಕೊಡುತ್ತಿದ್ದುದು ಅವನದ್ದು.

ಆ ದಿನ ರಫೀಕ್ ಏನೋ ನೆಪ ಹೇಳಿ ಮಾಹೂಝ್‌ನ ಸೋಫಾದಲ್ಲೇ ಉಳಿದುಕೊಂಡ. ನಾನು ಮಲಗುವ ಮೊದಲು ರೋಶನ್‌ನ ಬೂಟುಗಳನ್ನು ತಂದು ನನ್ನ ಮಂಚದ ಕೆಳಗೆ ತಳ್ಳಿದೆ. ಬೇರೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಮತ್ತೆ ಸೀಫ್

ಬೆಳಗ್ಗೆ ಅವನು ಬರಿಗಾಲಿನಲ್ಲಿ ಮನೆಯೆಲ್ಲ ಹುಡುಕಿದ. "ಮಾಂವ್, ಬೂಟು ಎಲ್ಲಿ?"

"ಇಲ್ಲುಂಟು. ನಾನೂ ಬರ್ತೇನೆ. ಈ ಸಲ ಹತ್ತಲಿಕ್ಕೆ."

"ನಿಮಗೆ ಆಗ್ಲಿಕ್ಕಿಲ್ಲ."

"ಬಸ್ಸು ಕೆಟ್ಟಾಗ ಘಾಟಿ ನಡೆದೇ ಇಳಿದವನು ನಾನು."

ಇಕ್ಬಾಲ್ ನಮ್ಮಿಬ್ಬರನ್ನೂ ನೋಡಿ, "ಆಜ್ ದೋ ಪಾಗಲ್!" ಎಂದ. ರಜೆಯ ದಿನ, ಕಟ್ಟಡದಲ್ಲಿ ಕಾರುಗಳಿರಲಿಲ್ಲ. ನಾವು ತಿರುವಿನ ಮೇಲೆ ತಿರುವು ಹತ್ತಿದೆವು. ಅವನ ಬೆನ್ನಿನ ಕ್ಯಾನಿನಲ್ಲಿ ನೀರು ಕುಲುಕುವ ಸದ್ದು, ನನ್ನ ಉಸಿರಿನ ಸದ್ದು. ಮಧ್ಯೆ ನಾನು ನಿಂತಾಗ ಅವನೂ ನಿಂತ. ಒಂದು ಸಲ ಕೈ ಹಿಡಿದು ಎಳೆದುಕೊಂಡ.

ಮೇಲೆ ಬಟ್ಟಬಯಲು. ಒಂದು ಕಡೆ ಗಾಜಿನ ಗೋಪುರಗಳು, ಇನ್ನೊಂದು ಕಡೆ ಸೀಸದ ಬಣ್ಣದ ಸಮುದ್ರ. ಅಂಚಿನ ಗೋಡೆ ಎದೆಮಟ್ಟ. ಅವನು ಗೋಡೆಯ ಹತ್ತಿರ ಹೋಗಿ ಕ್ಯಾನು ಇಳಿಸಿ ಮುಚ್ಚಳ ತಿರುಗಿಸತೊಡಗಿದ. ನಾನು ಮುಚ್ಚಳದ ಮೇಲೆ ಕೈಯಿಟ್ಟೆ.

"ಮೆಲ್ವಿನ್ ಹತ್ತಿರ ಮಾತಾಡಿದೆವು."

ಅವನ ಕೈ ನನ್ನ ಕೈಯ ಕೆಳಗೆ ಹಾಗೇ ನಿಂತಿತು.

"ವಿಮಾನದವನಿಗೆ ವಾಪಸ್ ಕರಕೊಂಡು ಹೋಗ್ಲಿಕ್ಕೆ ಯಾವ ದಿನ ಹೇಳಿದ್ದಿ?"

ಅವನು ಮುಖವನ್ನು ಸಮುದ್ರದ ಕಡೆ ತಿರುಗಿಸಿದ.

"ರೋಶನ್, ನೀನು ಸಾಯ್ಲಿಕ್ಕೆ ಹೋಗ್ತಿದ್ದೀಯಾ?" ಇಂತಹ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಹೀಗೆ ನೇರವಾಗಿ ಕೇಳಿದವರಲ್ಲ. ನನ್ನ ದನಿ ನನಗೇ ಬೇರೆ ಯಾರದ್ದೋ ಹಾಗೆ ಕೇಳಿಸಿತು.

"ಗೊತ್ತಿಲ್ಲ ಮಾಂವ್." ಅವನು ಗೋಡೆಗೆ ಬೆನ್ನುಕೊಟ್ಟು ನೆಲದಲ್ಲಿ ಕುಳಿತ. "ನಿಜವಾಗಿ ಗೊತ್ತಿಲ್ಲ. ಅಲ್ಲಿಗೆ ಹತ್ತುವವರೆಗೆ ಎಲ್ಲ ಯೋಚನೆ ಮಾಡ್ಲಿಕ್ಕೆ ಆಗ್ತದೆ. ಯಾವ ಕಲ್ಲು, ಯಾವ ಹೊಳೆ, ಎಲ್ಲ ಕಣ್ಣಿಗೆ ಕಟ್ತದೆ. ಅದರ ಆಚೆಗೆ ಯೋಚನೆಯೇ ಹೋಗುದಿಲ್ಲ. ಬಂದು ಎಂತ ಮಾಡ್ಲಿ? ಆ ಮನೆಯ ಬಾಗಿಲು ತೆಗೀಲಿಕ್ಕಾ? ಬೀಗ ತೆಗೆದಾಗ ಒಳಗಿಂದ ಯಾರೂ 'ಬಂದ್ರಾ' ಅಂತ ಕೇಳುದಿಲ್ಲ."

ನನಗೆ ಸಿಟ್ಟು ಬಂತು. ಒಂದು ವರ್ಷದಿಂದ ಒಳಗಿದ್ದ ಸಿಟ್ಟು, ಅವನ ಮೇಲಿನದ್ದಲ್ಲ. "ಮಂಗಳೂರು ಏರ್‌ಪೋರ್ಟಿನ ಹಿಂದಿನ ಬಾಗಿಲಿನಿಂದ ಒಂದು ಪೆಟ್ಟಿಗೆ ಇಳಿಸಿಕೊಂಡಿದ್ದೇನೆ. ನೀನೂ ಜೊತೆಗಿದ್ದಿ, ಒಂದು ಕಡೆ ನೀನು ಹಿಡಿದದ್ದು. ಇನ್ನೊಂದು ಬಂದರೆ ಆ ಕಡೆ ಹಿಡಿಯುವವರು ಯಾರು, ಹೇಳು. ನಿನ್ನ ಅತ್ತೆಯಾ?"

ಅವನು ಮುಖ ಮುಚ್ಚಿಕೊಂಡ. ನಾನು ಅವನ ಪಕ್ಕದಲ್ಲಿ ಕುಳಿತೆ. ಸಿಮೆಂಟು ಆಗಲೇ ಬಿಸಿಯಾಗುತ್ತಿತ್ತು. ಸಮಾಧಾನದ ಮಾತು ನನಗೆ ಬರುವುದಿಲ್ಲ. ಆದ್ದರಿಂದ ಗೊತ್ತಿದ್ದದ್ದನ್ನು ಹೇಳಿದೆ.

"ನನ್ನ ಅಪ್ಪನ ಕಾಲದಲ್ಲಿ ಹಂದಿ ಬಿದ್ದರೆ ಪಾಲು ಹಾಕುತ್ತಿದ್ದರು. ಹೊಡೆದವನಿಗೆ ತಲೆ. ಹೊತ್ತವರಿಗೆ ಒಂದೊಂದು. ನಾಯಿಗೂ ಒಂದು ಪಾಲು. ಇವೆಲ್ಲಕ್ಕಿಂತ ಮೊದಲು ತೆಗೆದಿಡುವುದು ಆ ವರ್ಷ ಸಾವಾದ ಮನೆಯ ಪಾಲು. ಆ ಮನೆಯಲ್ಲಿ ಯಾರಿಗೂ ಅಡುಗೆ ಮಾಡುವ ಮನಸ್ಸಿರುವುದಿಲ್ಲ, ಅದಕ್ಕೆ. ಅದನ್ನು ಬೇರೆಯವರ ಕೈಯಲ್ಲಿ ಕಳಿಸುವ ಹಾಗಿಲ್ಲ. ಹೊಡೆದವನೇ ಹೊತ್ತು ತರಬೇಕು. ತಂದುಕೊಟ್ಟ ಮೇಲೆಯೇ ಅವನ ಮನೆಯಲ್ಲಿ ಒಲೆಗೆ ಪಾತ್ರೆ. ಮಳೆಯಲ್ಲಿ ನೆನೆದುಕೊಂಡು, ಮೈಯೆಲ್ಲ ಕೆಸರಾಗಿ, ಅಪ್ಪ ಹಾಗೆ ಪರರ ಬಾಗಿಲಲ್ಲಿ ನಿಂತದ್ದನ್ನು ನಾನು ನೋಡಿದ್ದೇನೆ."

ಅವನು ಕೇಳುತ್ತಿದ್ದ.

"ನಮ್ಮದು ಸಾವಿನ ಮನೆ ರೋಶನ್. ನೀನು ಬೇಟೆಗೆ ಹೋಗುವುದಾದರೆ ಹೋಗು. ನಮ್ಮ ಪಾಲು ನಮಗೆ ಬರಬೇಕು. ನಿನ್ನ ಕೈಯಲ್ಲೇ ಬರಬೇಕು."

ಅವನು ಕ್ಯಾನಿನ ಮುಚ್ಚಳವನ್ನೇ ನೋಡುತ್ತಿದ್ದ. ಆಮೇಲೆ ಮೂಗೊರೆಸಿಕೊಂಡು, "ಮಾಂಸ ಕಸ್ಟಮ್ಸಿನವರು ಬಿಡ್ಲಿಕ್ಕಿಲ್ಲ ಮಾಂವ್," ಎಂದ.

"ಬಫಾತ್ ಪುಡಿ ಬಿಟ್ಟರಲ್ಲ."

ಅವನ ಬಾಯಿಂದ ಬಂದದ್ದು ನಗುವೋ ಅಳುವೋ ಹೇಳಲಾರೆ. ಎದ್ದು ನಿಂತು ಮುಚ್ಚಳವನ್ನು ಮತ್ತೆ ಬಿಗಿಯಾಗಿ ತಿರುಗಿಸಿದ. ನೀರು ಚೆಲ್ಲಲಿಲ್ಲ. ಕ್ಯಾನನ್ನು ಬೆನ್ನಿಗೆ ಹಾಕಿಕೊಳ್ಳಲು ಹೋದ. ನಾನು ಬೇಡವೆಂದೆ, ಹಿಡಿಯ ಒಂದು ಬದಿ ನಾನು ಹಿಡಿದೆ. ನಾವು ಇಳಿದೆವು. ಹತ್ತುವಾಗ ಸುಮ್ಮನಿದ್ದ ನನ್ನ ಮೊಣಕಾಲು ಪ್ರತಿ ತಿರುವಿನಲ್ಲಿ ಕೂಗಿತು. ಭಾರ ಮುಂದಕ್ಕೆ ಎಳೆಯುತ್ತಿತ್ತು. "ಮೆಲ್ಲ," ಎಂದೆ. "ಇಳಿಯುವಾಗ ಅವಸರ ಇಲ್ಲ."

ಕೆಳಗೆ ಇಕ್ಬಾಲ್ ತುಂಬಿದ ಕ್ಯಾನು ನೋಡಿ ಕೈಯೆತ್ತಿದ. "ಅರೇ! ಆಜ್ ಛತ್ ಪ್ಯಾಸೀ ರಹ್ ಗಯೀ." ಇಂದು ಛಾವಣಿ ಬಾಯಾರಿ ಉಳಿಯಿತು ಎಂದು.

ಮನೆಗೆ ಬಂದು ಆ ನೀರಿನಲ್ಲಿ ನಾವು ಕಾಫಿ ಮಾಡಿದೆವು. ಪ್ಲಾಸ್ಟಿಕ್ಕಿನ ವಾಸನೆ ಇತ್ತು. ರಫೀಕ್ ಒಂದು ಗುಟುಕು ಕುಡಿದು, "ಥೂ, ಇದನ್ನು ಚೆಲ್ಲುದೇ ಒಳ್ಳೇದಿತ್ತು ಮಾರಾಯ," ಎಂದ. ಆಮೇಲೆ ಲೋಟ ಪೂರ್ತಿ ಖಾಲಿ ಮಾಡಿದ.

ಮಾಹೂಝ್, ನಕ್ಷೆಯ ಸುತ್ತ

ಒಂದೇ ಬೆಳಗಿನಲ್ಲಿ ಮನುಷ್ಯ ಸರಿಯಾಗುವುದಿಲ್ಲ. ಶರಲ್‌ಳ ಜೊತೆಯ ನರ್ಸ್ ಒಬ್ಬಳು ಮನಸ್ಸಿನ ಡಾಕ್ಟರರೊಬ್ಬರ ಬಳಿ ಸಮಯ ಮಾಡಿಸಿಕೊಟ್ಟಳು. ಮೊದಲ ದಿನ ನಾನು ಹೊರಗಿನ ಬೆಂಚಿನಲ್ಲಿ ಕಾದೆ. ರಫೀಕ್ ತನ್ನ ಬಟ್ಟೆಯ ಚೀಲ ತಂದು ಶರಲ್ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಕೋಣೆಯಲ್ಲಿ ಇಟ್ಟ. ತನ್ನ ರೂಮಿನ ಎ.ಸಿ. ಕೆಟ್ಟಿದೆಯೆಂದು ನೆಪ. "ರಿಪೇರಿಯವ ಸೆಪ್ಟೆಂಬರಿಗೆ ಬರುದಂತೆ," ಎಂದ. ರೋಶನ್ ಅವನ ಮುಖ ನೋಡಿ, ಒಂದು ದಿಂಬು ತಂದುಕೊಟ್ಟ.

ನಕ್ಷೆಯನ್ನು ತೆಗೆದಿಡೋಣ ಎಂದು ನಾನು ಹೇಳಿದೆ. ಬೇಡ ಎಂದವನು ಮೆಲ್ವಿನ್. ನಾವು ನಾಲ್ವರೂ ಅದರ ಸುತ್ತ ಕುಳಿತೆವು, ಮೆಲ್ವಿನ್ ಫೋನಿನೊಳಗೆ, ಫೋನು ಬಫಾತ್ ಪುಡಿಯ ಡಬ್ಬಿಗೆ ಒರಗಿ. ಡಬ್ಬಿಯನ್ನು ಕಪಾಟಿನಿಂದ ತಂದಿಟ್ಟದ್ದು ರೋಶನ್.

"ಈ ವರ್ಷ ಇಲ್ಲ," ಎಂದ ಮೆಲ್ವಿನ್. "ಬರುವ ವರ್ಷ, ಪರ್ಮಿಟ್ ಸಿಕ್ಕಿದರೆ. ಆದ್ರೆ ಪ್ಲಾನ್ ಈಗಲೇ ಮಾಡುವ. ರೋಶನ್, ನೀನು ಉಲ್ಟಾ ಮಾಡಿದ್ದಿ. ಇಲ್ಲಿ ನಾವು ಬೇಟೆಯ ಪ್ಲಾನ್ ಊಟದ ಮೇಜಿನಿಂದ ಶುರು ಮಾಡುದು. ಯಾರು ಯಾರು ತಿಂತಾರೆ? ಅಷ್ಟನ್ನು ಇಡ್ಲಿಕ್ಕೆ ಜಾಗ ಉಂಟಾ? ಅಷ್ಟು ಹೊತ್ತು ತರ್ಲಿಕ್ಕೆ ಜನ ಎಷ್ಟು? ಅವರು ಎಷ್ಟು ದೂರ ಹೊರ್ತಾರೆ? ಆ ದೂರದ ಒಳಗೆ ಪ್ರಾಣಿ ಬಂದ್ರೆ ಮಾತ್ರ ಕೋವಿ ಎತ್ತುದು. ಆಚೆ ನಿಂತ್ರೆ, ಎಷ್ಟು ದೊಡ್ಡದಿದ್ರೂ, ನಮಸ್ಕಾರ ಹೇಳಿ ಬರುದು."

ರೋಶನ್ ನಕ್ಷೆಯ ಕಡೆ ಬಗ್ಗಿದ. ಬೆರಳು ಕಣಿವೆಬಾಯಿಯ ಮೇಲೆ ಹೋಯಿತು. ನಾನು ಆ ಬೆರಳನ್ನೇ ನೋಡುತ್ತಿದ್ದೆ.

"ಅಲ್ಲಿಂದ ತರ್ಲಿಕ್ಕೆ ಸಾಧ್ಯ ಇಲ್ಲ," ಎಂದ.

"ಇಲ್ಲ," ಎಂದ ಮೆಲ್ವಿನ್.

ಬೆರಳು ಮೆಲ್ಲನೆ ಕೆಳಗೆ ಬಂತು. ಒತ್ತಾದ ಗೆರೆಗಳನ್ನು ದಾಟಿ, ಕುರುಚಲು ದಾಟಿ, ಹೊಳೆಯ ಬದಿಗೆ, ಸರೋವರದ ಅಂಚಿಗೆ. "ಇಲ್ಲಿ?"

"ಅಲ್ಲಿ ಆದೀತು. ಅಲ್ಲಿ ನಾನೂ ಬರ್ತೇನೆ."

"ನನ್ನ ಪೀಸ್ ಮರೀಬೇಡಿ," ಎಂದ ರಫೀಕ್. "ಮತ್ತೆ ಆ ಗೂಟ! ಈ ಸಲ ನಾನು ತರಿಸುವ, ಕಲ್ಲಿಗೆ ಹೊಡೆಯುವ ಗೂಟವೇ ತಗೊಂಡು ಹೋಗ್ಬೇಕು."

ಮನೆ

ನಾನು ಊರಿಗೆ ಬಂದು ಮಳೆಗಾಲ ಹಿಡಿಯಿತು. ಬಹ್ರೇನ್ ಹೇಗಿತ್ತು ಎಂದು ಬಸ್ಸು ನಿಲ್ದಾಣದಲ್ಲಿ ಹಳೆಯ ಜೊತೆಗಾರರು ಕೇಳುತ್ತಾರೆ. ಎತ್ತರದ ಕಟ್ಟಡ, ಸೆಕೆ, ಕುದಿಸಿದ ಸಮುದ್ರದ ನೀರು ಎನ್ನುತ್ತೇನೆ. ಬೆಟ್ಟ ಉಂಟಾ ಎಂದು ಒಬ್ಬ ಕೇಳಿದ. ಉಂಟು, ಒಂದನ್ನು ಹತ್ತಿ ಇಳಿದೆ ಎಂದೆ.

ರೋಶನ್ ಈಗಲೂ ಸೀಫ್‌ನ ಆ ಕಟ್ಟಡ ಹತ್ತುತ್ತಾನೆ. ಬರಿಗೈಯಲ್ಲಿ ಮೇಲೆ ಹೋಗುತ್ತಾನೆ. ತುಂಬಿದ ಕ್ಯಾನನ್ನು ಮೊದಲೇ ಲಿಫ್ಟಿನಲ್ಲಿ ಛಾವಣಿಗೆ ಕಳಿಸಿರುತ್ತಾನೆ, ಇಕ್ಬಾಲ್ ಅದನ್ನು ಬೈಯುತ್ತಲೇ ಒಯ್ದಿಡುತ್ತಾನಂತೆ. ಇಳಿಯುವಾಗ ಹೊತ್ತು ತರುತ್ತಾನೆ. ಕೆಳಗೆ ಬಂದ ಮೇಲೆ ಕಾವಲು ಗೂಡಿನ ಪಕ್ಕ ಕ್ಯಾನು ಇಟ್ಟು ಒಂದು ಫೋಟೋ ತೆಗೆದು ನಮಗೆ ಕಳಿಸುತ್ತಾನೆ. ನಾನು ಹೇಳಿದ್ದಲ್ಲ, ಅವನೇ ಶುರು ಮಾಡಿದ್ದು. ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ಫೋನನ್ನು ಕಣ್ಣಿನ ಹತ್ತಿರ ಹಿಡಿಯುತ್ತಾಳೆ. ನೀಲಿ ಪ್ಲಾಸ್ಟಿಕ್ಕಿನೊಳಗೆ ನೀರಿನ ಗೆರೆ ಎಲ್ಲಿದೆ ಎಂದು ನೋಡುತ್ತಾಳೆ. ಕುತ್ತಿಗೆಯವರೆಗೆ ಇದ್ದರೆ ಎದ್ದು ಒಲೆ ಹೊತ್ತಿಸುತ್ತಾಳೆ.

ಇವತ್ತು ಫೋಟೋ ಬರಲಿಲ್ಲ. ಬರುವ ಹೊತ್ತು ದಾಟಿತು. ಹೊರಗೆ ಮಳೆ ಹೊಯ್ಯುತ್ತಿತ್ತು, ನೆಟ್‌ವರ್ಕ್ ಇರಲಿಕ್ಕಿಲ್ಲ ಎಂದೆ. ಅವಳು ಕನ್ನಡಕ ಹಾಕಿಕೊಂಡೇ ಕುಳಿತಿದ್ದಳು, ಒಲೆಯ ಮೇಲೆ ಏನೂ ಇರಲಿಲ್ಲ. ನಾನು ರಫೀಕ್‌ನ ನಂಬರು ಹುಡುಕುತ್ತಿದ್ದೆ, ಕೈಗೆ ಸಿಗುತ್ತಿರಲಿಲ್ಲ.

ಆಗ ಫೋನು ಸದ್ದು ಮಾಡಿತು. ಕ್ಯಾನು ತುಂಬಿತ್ತು. ಅದರ ಪಕ್ಕದಲ್ಲಿ ಇಕ್ಬಾಲ್‌ನ ಚಹಾದ ಲೋಟ, ಇನ್ನೂ ಹಬೆಯಾಡುತ್ತಿತ್ತು. ಕೆಳಗೆ ರೋಶನ್ ಬರೆದಿದ್ದ:

"ಸ್ವಲ್ಪ ತಡ ಆಯ್ತು ಮಾಂವ್. ಮೆಲ್ಲ ಇಳಿದೆ."